ಅಜ್ಜಿಯ ಮನೆ ಇಲ್ಲದ ರಜಾ

ಬೇಸಗೆಯ ರಜಾ ಬಂದಿತೆಂದರೆ ನಮ್ಮ ನಾಡಿನ ಹುಡುಗರಿಗೆ ಕಾಣುವುದು ಅಜ್ಜಿಯ ಮನೆಯ ದಾರಿಯೊಂದೇ. ನಮ್ಮ ಮಕ್ಕಳಿಗೂ ಮೊನ್ನೆ ಮೊನ್ನೆಯ ತನಕ ಹಾಗೆಯೇ ಇದ್ದಿತು. ತಿಪಟೂರಿನಿಂದ ಕೆಲವು ಮೈಲಿ ಒಳಗೆ, ತೆಂಗಿನ ತೋಟದ ಅಂಚಿನಲ್ಲಿ ಒಂದು ಹೆಂಚಿನ ಮನೆ. ಅದರ ಮುಂದೆ ಕಲ್ಲುಚಪ್ಪಡಿಯ ಜಗಲಿ. ಊಟವಾದ ಮೇಲೆ ಸಂಜೆಯ ತನಕ ಆ ಜಗಲಿಯ ಮೇಲೆ ಹುಡುಗರ ರಾಜ್ಯ. 2023ರಲ್ಲಿ ನಮ್ಮ ಮಾವನವರು ತೀರಿಕೊಂಡರು. ಮರುವರ್ಷ ಮನೆಯನ್ನೂ ತೋಟವನ್ನೂ ಮಾರಿ, ಅತ್ತೆಯವರನ್ನು ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿರುವ ನಮ್ಮ ಮೂರನೆಯ ಅಂತಸ್ತಿನ ಬಿಡಾರಕ್ಕೆ ಕರೆತಂದೆವು. ಮಾರಿದ್ದು ಸರಿಯೋ ತಪ್ಪೋ ಎಂಬ ಚರ್ಚೆಯು ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಆ ಕಾಲದಲ್ಲಿ ಒತ್ತಾಯವು ಹೆಚ್ಚಾಗಿ ನಮ್ಮದೇ ಆಗಿದ್ದಿತೆಂಬುದನ್ನು ಮಾತ್ರ ಇಲ್ಲಿ ಒಪ್ಪಿಕೊಳ್ಳಬೇಕು.

ಹೀಗಾಗಿ 2025ರ ಏಪ್ರಿಲ್ ತಿಂಗಳಿನಲ್ಲಿ ಶಾಲೆಗಳಿಗೆ ರಜಾ ಕೊಟ್ಟಾಗ ನಮ್ಮ ಮಕ್ಕಳಿಗೆ ಹೋಗತಕ್ಕ ಊರೇ ಇರಲಿಲ್ಲ. ಅಜ್ಜಿ ಮನೆಯಲ್ಲಿಯೇ ಇದ್ದರು. ಅಜ್ಜಿಯ ಮನೆ ಇರಲಿಲ್ಲ.

ಸಿ.ವಿ. ರಾಮನ್ ನಗರವನ್ನು ಕಾಣದ ವಾಚಕರಿಗೆ ಅದರ ವಿಷಯವಾಗಿ ಎರಡು ಮಾತು ಹೇಳಬೇಕು. ಹಳೆಯ ಮದ್ರಾಸು ರಸ್ತೆಗೂ ಎಚ್.ಎ.ಎಲ್. ವಿಮಾನ ನಿಲ್ದಾಣಕ್ಕೂ ನಡುವೆ ಇರುವ ಬಡಾವಣೆ ಇದು. ದೇಶರಕ್ಷಣೆಯ ಸಂಶೋಧನಾಲಯಗಳು ಎತ್ತರದ ಗೋಡೆಗಳ ಹಿಂದೆ ಮರಗಳ ನೆರಳಿನಲ್ಲಿ ಇವೆ. ಗೋಡೆಯ ಹೊರಗೆ ನಾಗವಾರಪಾಳ್ಯ, ಕಗ್ಗದಾಸಪುರ ಮೊದಲಾದ ಹಳೆಯ ಹಳ್ಳಿಗಳು ಮಹಡಿಯ ಮೇಲೆ ಮಹಡಿ ಏರಿಸಿಕೊಂಡು ಊರಾಗಿವೆ. ಬೀದಿಯಲ್ಲಿ ಚೆಂಡು ಆಡೋಣವೆಂದರೆ ವಾಹನಗಳು ಬಿಡವು. ಬಿಸಿಲಿನ ಸಂಗತಿಯೂ ಹಿಂದಿನಂತಿಲ್ಲ. ತಂಪಿನ ಊರೆಂದು ಹೆಸರಾಂತ ಈ ಬೆಂಗಳೂರಿನಲ್ಲಿಯೇ 2016ರ ಏಪ್ರಿಲ್ 24ರಂದು 39.2 ಡಿಗ್ರಿ ಸೆಲ್ಸಿಯಸ್ ಶಾಖವು ದಾಖಲಾಯಿತು. ಹತ್ತು ಗಂಟೆಯಿಂದ ನಾಲ್ಕು ಗಂಟೆಯ ವರೆಗೆ ಮಕ್ಕಳನ್ನು ಮನೆಯೊಳಗೆ ಇರಿಸಿಕೊಳ್ಳುವುದಲ್ಲದೆ ಬೇರೆ ದಾರಿ ಇಲ್ಲ.

ಮನೆಯಲ್ಲಿಯೇ ಕುಳಿತು ಕಚೇರಿಯ ಕೆಲಸ ಮಾಡತಕ್ಕವರು ನಾವು. ಮೊದಲನೆಯ ದಿವಸ ಹನ್ನೆರಡು ವರ್ಷದ ಮಗನೂ ಎಂಟು ವರ್ಷದ ಮಗಳೂ ಜಗಳವಾಡಿದಾಗ, ಇಬ್ಬರ ಕೈಯಲ್ಲಿಯೂ ಒಂದೊಂದು ಫೋನನ್ನು ಕೊಟ್ಟು ಸುಮ್ಮನಾಗಿಸಿದೆವು. ಎರಡನೆಯ ದಿವಸ ಅವರು ಕೇಳುವ ಮೊದಲೇ ಕೊಟ್ಟೆವು. ಈ ಕಾಲದ ಮಕ್ಕಳು ಕೆಟ್ಟರೆಂದು ಹೇಳುವ ಹಿರಿಯರು, ಕೆಡಿಸುವ ವಸ್ತುವು ಮೊದಲು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದನ್ನು ಹೇಳುವುದಿಲ್ಲ. ಮನೆಯು ನಿಶ್ಶಬ್ದವಾಗಿದ್ದಿತು. ಅತ್ತೆಯವರು ಕಿಟಕಿಯ ಬಳಿ ಕುರ್ಚಿಯಲ್ಲಿ ಕುಳಿತು, ಪಕ್ಕದ ಖಾಲಿ ನಿವೇಶನದಲ್ಲಿದ್ದ ಒಂಟಿ ತೆಂಗಿನ ಮರವನ್ನು ನೋಡುತ್ತಿದ್ದರು. ಬಂದಂದಿನಿಂದ ಅವರ ಜಾಗ ಅದು. ಊಟಕ್ಕೆ ಕರೆದರೆ ಬರುವರು, ಬಡಿಸಿದ್ದನ್ನು ಉಣ್ಣುವರು, ‘ನಿಮ್ಮ ಮನೆಯಲ್ಲಿ ನೀರು ಚೆನ್ನಾಗಿದೆಯಮ್ಮ’ ಎನ್ನುವರು. ‘ನಿಮ್ಮ ಮನೆ’ ಎಂಬ ಮಾತು ಪ್ರತಿಯೊಂದು ಸಲವೂ ನಮಗೆ ಚುಚ್ಚುತ್ತಿದ್ದಿತು.

ಮೂರನೆಯ ದಿವಸ, ಎಂದರೆ ಏಪ್ರಿಲ್ 13ನೆಯ ತಾರೀಖು, ಕ್ರೈಸ್ತರ ಗರಿಗಳ ಭಾನುವಾರ. ಮೇಲಿನ ಮನೆಯಲ್ಲಿ ಮಂಗಳೂರಿನ ಕಡೆಯ ವೃದ್ಧ ದಂಪತಿಗಳಿದ್ದಾರೆ. ಆಕೆ ಬಹುಕಾಲ ಉಪಾಧ್ಯಾಯಿನಿಯಾಗಿದ್ದವರಾದ್ದರಿಂದ ಇಡೀ ಕಟ್ಟಡಕ್ಕೆ ಟೀಚರಮ್ಮ. ಅವರ ಮಕ್ಕಳು ಮೊಮ್ಮಕ್ಕಳೆಲ್ಲ ಪರದೇಶದಲ್ಲಿ. ಅಂದು ಇಗರ್ಜಿಯಿಂದ ಮರಳುವಾಗ ಎಳೆಯ ಗರಿಯನ್ನು ಮಡಿಸಿ ಮಾಡಿದ ಶಿಲುಬೆಯೊಂದು ಅವರ ಕೈಯಲ್ಲಿದ್ದಿತು. ಮೆಟ್ಟಿಲಿನ ಮೇಲೆ ನಮ್ಮ ಮಗಳು ಅದನ್ನು ಕಂಡು ಬೇಕೆಂದು ಕೇಳಿದಳು. ‘ಇದು ಆಶೀರ್ವಾದ ಮಾಡಿದ ಗರಿ ಮಗಾ, ಆಡಲಿಕ್ಕೆ ಆಗುವುದಿಲ್ಲ. ವರ್ಷವಿಡೀ ಮನೆಯಲ್ಲಿಟ್ಟು, ಮುಂದಿನ ವರ್ಷ ಇದನ್ನೇ ಸುಟ್ಟು ವಿಭೂತಿ ಬುಧವಾರದ ಬೂದಿ ಮಾಡುವುದು’ ಎಂದು ಅವರು ವಿವರಿಸಿದರು. ಮಗಳು ಮುಖ ಊದಿಸಿಕೊಂಡು ಬಂದು ಅಜ್ಜಿಯ ಮುಂದೆ ದೂರು ಹೇಳಿದಳು.

ಅತ್ತೆಯವರು ಕಿಟಕಿಯಿಂದ ಮುಖ ತಿರುಗಿಸಿದರು. ‘ಗರಿ ತಾನೆ ಬೇಕಾದ್ದು? ಆ ಮರದ ಕೆಳಗೆ ಬಿದ್ದಿರೋದನ್ನ ತರಿಸು. ಒಣಗಿದ್ದು ಬೇಡ, ಹಸಿರು ಇರಬೇಕು’ ಎಂದರು. ಮಗನು ಫೋನನ್ನು ಇಟ್ಟು ಕೆಳಗೆ ಓಡಿದನು. ಅರ್ಧ ಗಂಟೆಯೊಳಗೆ ಅವರು ಗರಿಯನ್ನು ಉಗುರಿನಿಂದ ಸೀಳಿ, ಕಡ್ಡಿಯನ್ನು ತೆಗೆದು, ಒಂದು ಪೀಪಿ, ಒಂದು ಗಿಳಿ, ಒಂದು ಹಾವು, ಇಬ್ಬರ ಕೈಗೂ ಒಂದೊಂದು ಗಡಿಯಾರ ಇಷ್ಟನ್ನೂ ಮಾಡಿದರು. ಪೀಪಿಯ ಸದ್ದಿನಲ್ಲಿ ನಮ್ಮ ಕಚೇರಿಯ ಕೆಲಸವು ಅಂದು ನಡೆಯಲಿಲ್ಲ. ನಾವು ಗದರಿಸಲೂ ಇಲ್ಲ. ಒಂದು ವರ್ಷದ ಮೇಲೆ ಅತ್ತೆಯವರ ಕೈಗಳು ಕೆಲಸ ಮಾಡುವುದನ್ನು ನೋಡುತ್ತ ನಿಂತಿದ್ದೆವು.

ಮರುದಿನ ಬೆಳಿಗ್ಗೆ ಅವರೇ ತಮ್ಮ ತಗಡಿನ ಟ್ರಂಕನ್ನು ಎಳೆಯಿಸಿದರು. ಸೀರೆಗಳ ಅಡಿಯಲ್ಲಿ, ಮಾವನವರ ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿದ ನಾಲ್ಕು ಕವಡೆಗಳಿದ್ದುವು. ಊರಿನಿಂದ ಪಾತ್ರೆಪಡಗಗಳನ್ನೆಲ್ಲ ಹಂಚಿಬಂದವರು ಇವನ್ನು ಯಾರಿಗೂ ತಿಳಿಸದೆ ತಂದಿದ್ದರು. ಊರಿನ ಜಗಲಿಯ ಚಪ್ಪಡಿಯಲ್ಲಿ ಯಾವ ಕಾಲದಲ್ಲಿಯೋ ಯಾರೋ ಚೌಕಾಬಾರದ ಮನೆಗಳನ್ನು ಉಳಿಯಿಂದ ಕೊರೆದಿದ್ದರು. ಇಲ್ಲಿ ನುಣುಪಾದ ನೆಲದ ಮೇಲೆ ಸೀಮೆಸುಣ್ಣವು ನಿಲ್ಲದು. ಕಡೆಗೆ 2024ರ ಗೋಡೆಯ ಕ್ಯಾಲೆಂಡರಿನಿಂದ ಮಾರ್ಚ್ ತಿಂಗಳ ದೊಡ್ಡ ಹಾಳೆಯನ್ನು ಕಿತ್ತು, ಅದರ ಖಾಲಿ ಬೆನ್ನಿನ ಮೇಲೆ ಮಗನ ಅಳತೆಪಟ್ಟಿಯಿಂದ ಗೆರೆ ಎಳೆಯಿಸಿದರು.

ಈ ಆಟವನ್ನು ಬಲ್ಲವರು ಮುಂದಿನ ಕೆಲವು ಸಾಲುಗಳನ್ನು ಬಿಟ್ಟು ಓದಬಹುದು. ಅಡ್ಡ ಐದು, ಉದ್ದ ಐದು, ಒಟ್ಟು 25 ಮನೆಗಳು. ನಾಲ್ಕು ಬದಿಗಳ ನಡುಮನೆಗಳಿಗೂ ಮಧ್ಯದ ಮನೆಗೂ ಕತ್ತರಿ ಗುರುತು. ಅಲ್ಲಿ ಕುಳಿತ ಕಾಯಿಯನ್ನು ಯಾರೂ ಕಡಿಯಲಾಗದು. ನಾಲ್ವರು ಆಟಗಾರರು, ಒಬ್ಬೊಬ್ಬರಿಗೆ ನಾಲ್ಕು ಕಾಯಿ: ಬಳೆಯ ಚೂರು, ಅಂಗಿಯ ಗುಂಡಿ, ಕಾಫಿಯ ಬೀಜ, ಹುಣಿಸೆಯ ಬೀಜ, ಯಾವುದಾದರೂ ಸರಿ. ಬಾಯಿ ಮೇಲಾಗಿ ಬಿದ್ದ ಕವಡೆಗಳು ಎಷ್ಟೋ ಅಷ್ಟು ಎಣಿಕೆ. ನಾಲ್ಕೂ ಮೇಲಾದರೆ ಚೌಕ. ನಾಲ್ಕೂ ಬೋರಲಾದರೆ ಬಾರ, ಎಂದರೆ ಎಂಟು. ಇವೆರಡು ಬಿದ್ದರೆ ಇನ್ನೊಂದು ಸಲ ಹಾಕುವ ಹಕ್ಕು. ಹೊರಗಿನ ಸುತ್ತನ್ನು ಎಡವಾಗಿ ಸುತ್ತಿ, ಒಳಗಿನ ಸುತ್ತನ್ನು ಬಲವಾಗಿ ಸುತ್ತಿ, ಒಟ್ಟು 24 ಹೆಜ್ಜೆಗಳಲ್ಲಿ ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು. ಆದರೆ ಎದುರಾಳಿಯ ಒಂದು ಕಾಯನ್ನಾದರೂ ಕಡಿಯದವನಿಗೆ ಒಳಸುತ್ತಿನ ಬಾಗಿಲು ತೆರೆಯದು. ಕಾಯಿ ಹಣ್ಣಾಗುವುದು ಎಂಬ ಈ ಮಾತು ನಮಗೆ ಬಹಳ ಇಷ್ಟ. ಬೇರೆ ಭಾಷೆಯವರು ಇಷ್ಟು ರುಚಿಯಾದ ಹೆಸರನ್ನು ಗೆಲುವಿಗೆ ಕೊಟ್ಟಿರುವರೋ ಇಲ್ಲವೋ ಕಾಣೆವು.

ಮೊದಲ ಜಗಳವು ನಿಯಮದ್ದು. ಕಾಯಿಗಳನ್ನು ಮೊದಲೇ ಮನೆಯಲ್ಲಿ ಇರಿಸಬೇಕೋ, ಗೊತ್ತಾದ ಎಣಿಕೆ ಬಿದ್ದ ಮೇಲೆ ಇಳಿಸಬೇಕೋ ಎಂದು ಮಗನು ಫೋನಿನಲ್ಲಿ ಹುಡುಕಿ ಬೇರೊಂದು ಕ್ರಮವನ್ನು ಓದಿದನು. ‘ಅದು ಅವರ ಜಗಲೀದು. ನಮ್ಮ ಜಗಲೀಲಿ ಹೀಗೆ’ ಎಂದು ಅತ್ತೆಯವರು ತೀರ್ಪು ಕೊಟ್ಟರು. ಎರಡನೆಯ ಜಗಳವು ಕಣ್ಣೀರಿನದು. ಹಣ್ಣಾಗಲು ಎರಡೇ ಹೆಜ್ಜೆ ಉಳಿದಿದ್ದ ಮಗಳ ಕಾಯಿಯನ್ನು ಅಜ್ಜಿಯೇ ಕಡಿದರು. ಮಗುವು ಅತ್ತಿತು. ‘ಅತ್ತೆ, ಚಿಕ್ಕವಳು, ಬಿಟ್ಟುಕೊಡಬಾರದೆ?’ ಎಂದೆವು. ‘ಆಟದಲ್ಲಿ ಮೊಮ್ಮಕ್ಕಳಿಲ್ಲಮ್ಮ’ ಎಂದು ಅವರು ಕವಡೆಗಳನ್ನು ಆಯ್ದುಕೊಂಡರು. ಆಗ ನಮಗೆ ಕೊಂಚ ಕೋಪವೇ ಬಂದಿತು. ಆದರೆ ಮಗಳು ಕಣ್ಣೊರೆಸಿಕೊಂಡು ಮತ್ತೆ ಕುಳಿತಳು. ಅಂದು ಸಂಜೆ ಅಜ್ಜಿಯ ಎರಡು ಕಾಯಿಗಳನ್ನು ಕಡಿದಾಗ ಅವಳ ಮುಖದಲ್ಲಿ ಕಂಡ ಹಿಗ್ಗು, ನಾವು ಬೇಕೆಂದು ಸೋತು ಗೆಲ್ಲಿಸಿದ ಯಾವ ಆಟದಲ್ಲಿಯೂ ಕಂಡಿರಲಿಲ್ಲ. ಹಿರಿಯರು ನಿಜವಾಗಿ ಆಡದಿದ್ದರೆ ಅದು ಮಕ್ಕಳಿಗೆ ತಿಳಿಯದೆ ಇರುವುದಿಲ್ಲ.

ಮಗನಿಗೆ ಆಟಕ್ಕಿಂತ ಲೆಕ್ಕದ ಹುಚ್ಚು ಹಿಡಿಯಿತು. ನಾಲ್ಕು ಬೀಜಗಳು ಬೀಳುವ ಬಗೆ ಹದಿನಾರು. ಅದರಲ್ಲಿ ಎರಡು ಬೀಳುವ ಬಗೆ ಆರು, ಒಂದು ಅಥವಾ ಮೂರು ಬೀಳುವ ಬಗೆ ನಾಲ್ಕು ನಾಲ್ಕು, ಚೌಕಕ್ಕೂ ಬಾರಕ್ಕೂ ಒಂದೊಂದೇ ಎಂದು ಬರೆದು ತೋರಿಸಿದನು. ಹುಣಿಸೆಯ ಬೀಜಗಳನ್ನು ಒಂದು ಬದಿ ಬೆಳ್ಳಗಾಗುವಂತೆ ತೇಯ್ದು ಎಸೆಯುತ್ತ, ಬಿದ್ದ ಎಣಿಕೆಗಳನ್ನು ಮಧ್ಯಾಹ್ನವೆಲ್ಲ ಗೀಟು ಹಾಕಿದನು. ಕವಡೆಯದು ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಅದು ಬೀಜದಂತೆ ಎರಡು ಬದಿಗೂ ಸಮವಾಗಿ ಬೀಳಬೇಕಾದುದಿಲ್ಲವಷ್ಟೆ. ಅತ್ತೆಯವರು ಕಾಗದವನ್ನು ನೋಡಿ, ‘ಲೆಕ್ಕ ಸರಿ ಕಣೋ. ಕವಡೆಗೂ ಗೊತ್ತಾಗಬೇಕಲ್ಲ’ ಎಂದರು.

ಇಂತಹ ಆಟಗಳು ಹಳ್ಳಿಯ ಜಗಲಿಯವು ಮಾತ್ರವೆಂದು ಎಣಿಸಬಾರದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಲಗೆಯಾಟಗಳಲ್ಲಿಯೂ ಗಂಜೀಫದ ಎಲೆಗಳಲ್ಲಿಯೂ ಅತ್ಯಾಸಕ್ತರಾಗಿ ಹೊಸ ಆಟಗಳನ್ನೇ ರಚಿಸಿದವರು. ಇಂದು ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಹಳೆಯ ಆಟದ ಹಾಸುಗಳನ್ನು ಕುಶಲಕರ್ಮಿಗಳಿಂದ ಮಾಡಿಸಿ ಪ್ರದರ್ಶಿಸುತ್ತ ಬಂದಿದ್ದಾರೆ. ಅಳಗುಳಿಮಣೆ ಇರುವ ಮನೆಯವರಿಗೆ ಒಂದು ಎಚ್ಚರಿಕೆ: ಕಾಳಿಗಾಗಿ ಗುಲಗಂಜಿಯನ್ನು ಬಳಸುವ ವಾಡಿಕೆ ಉಂಟು, ಅದು ವಿಷಬೀಜ. ಬಾಯಿಗಿಟ್ಟುಕೊಳ್ಳುವ ಪ್ರಾಯದ ಕೂಸಿರುವಲ್ಲಿ ಅದು ಬೇಡವೇ ಬೇಡ.

ಕ್ಯಾಲೆಂಡರಿನ ಹಾಳೆಯು ಇನ್ನೊಂದು ವಿನೋದಕ್ಕೆ ಕಾರಣವಾಯಿತು. ಆಟದ ನಡುವೆ ಹಾಳೆಯನ್ನು ಮಗುಚಿದ ಮಗಳು, ‘ಅಜ್ಜಿ, ಹೋದ ವರ್ಷ ಗುಡ್ ಫ್ರೈಡೇ ಮಾರ್ಚ್ 29ಕ್ಕೆ ಬಂದಿತ್ತು. ಈ ವರ್ಷ ಏಪ್ರಿಲ್ 18 ಯಾಕೆ?’ ಎಂದು ಕೇಳಿದಳು. ಅತ್ತೆಯವರು ಟೀಚರಮ್ಮನವರನ್ನು ಕೇಳಿಬರಲು ಕಳುಹಿಸಿದರು. ಟೀಚರಮ್ಮನವರು ತಾವೇ ಇಳಿದು ಬಂದರು. ಮಾರ್ಚ್ 21ರಂದು ಅಥವಾ ಅದರ ಮೇಲೆ ಬರುವ ಮೊದಲ ಹುಣ್ಣಿಮೆಯಾದ ಬಳಿಕದ ಭಾನುವಾರವೇ ಈಸ್ಟರ್. ಆದ್ದರಿಂದ ಅದು ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಎಲ್ಲಿಯಾದರೂ ಬೀಳಬಹುದು ಎಂದು ಅವರು ತಿಳಿಸಿದರು.

‘ಹುಣ್ಣಿಮೆಯ ಲೆಕ್ಕವೇ! ಹಾಗಾದ್ರೆ ನಮ್ಮ ಪಂಚಾಂಗದಲ್ಲೇ ಸಿಗಬೇಕು’ ಎಂದು ಅತ್ತೆಯವರು ಎದ್ದರು. ಒಂಟಿಕೊಪ್ಪಲ್ ಪಂಚಾಂಗವನ್ನು ಪ್ರತಿವರ್ಷವೂ ಕೊಂಡು, ಹಳೆಯದನ್ನು ಎಸೆಯದೆ ಇರಿಸುವ ಅಭ್ಯಾಸ ಅವರದು. ಟ್ರಂಕಿನಿಂದ ಮೂರು ವರ್ಷದ ಪುಸ್ತಕಗಳು ಹೊರಬಿದ್ದುವು. ಇಬ್ಬರು ವೃದ್ಧೆಯರೂ ಕನ್ನಡಕ ಹಾಕಿಕೊಂಡು ನೆಲದ ಮೇಲೆ ಕುಳಿತರು; ಮಕ್ಕಳು ಹೊಟ್ಟೆಯಡಿಯಾಗಿ ಮಲಗಿ ತಾರೀಖು ಹುಡುಕಿದರು. 2025ರಲ್ಲಿ ಏಪ್ರಿಲ್ 12 ಬೆಂಗಳೂರು ಕರಗದ ಹುಣ್ಣಿಮೆ. ಆ ಹುಣ್ಣಿಮೆಯು 13ರ ಬೆಳಗಿನ ಜಾವದ ವರೆಗೂ ಇದ್ದು, ಭಾನುವಾರಕ್ಕೆ ತಗಲಿದುದರಿಂದ ಮುಂದಿನ ಭಾನುವಾರ 20ಕ್ಕೆ ಈಸ್ಟರ್. 2024ರಲ್ಲಿ ಮಾರ್ಚ್ 25 ಹೋಳಿ ಹುಣ್ಣಿಮೆ, 31ಕ್ಕೆ ಈಸ್ಟರ್. 2023ರಲ್ಲಿ ಏಪ್ರಿಲ್ 6 ಕರಗ, 9ಕ್ಕೆ ಈಸ್ಟರ್. ಇಗರ್ಜಿಯವರದು ಮೊದಲೇ ಗೊತ್ತುಮಾಡಿದ ಕೋಷ್ಟಕದ ಹುಣ್ಣಿಮೆಯಾದ್ದರಿಂದ ಕೆಲವೊಮ್ಮೆ ಆಕಾಶದ ಹುಣ್ಣಿಮೆಗಿಂತ ಕೊಂಚ ಹಿಂದುಮುಂದಾಗುವುದುಂಟು. ಈ ಮೂರು ವರ್ಷಗಳಲ್ಲಿ ತೊಂದರೆ ಬರಲಿಲ್ಲ.

ಆಮೇಲೆ ಮಗನ ಕಣ್ಣಿಗೆ ಒಂದು ಸೋಜಿಗವು ಬಿದ್ದಿತು. ಶೋಭಕೃತ್ ಸಂವತ್ಸರದ ಪುಸ್ತಕವೊಂದರಲ್ಲಿಯೇ ಎರಡು ಈಸ್ಟರ್: ಯುಗಾದಿಯಾದ ಸ್ವಲ್ಪ ದಿನಕ್ಕೆ ಒಂದು, ಮುಂದಿನ ಯುಗಾದಿಗೆ ಮೊದಲು ಇನ್ನೊಂದು. ಆ ವರ್ಷ ಅಧಿಕ ಶ್ರಾವಣವು ಬಂದು ತಿಂಗಳು ಹದಿಮೂರಾಗಿದ್ದುವು. 2024ರ ಏಪ್ರಿಲ್ 9ಕ್ಕೆ ಹುಟ್ಟಿ 2025ರ ಮಾರ್ಚ್ 29ಕ್ಕೆ ಮುಗಿದ ಕ್ರೋಧಿ ಸಂವತ್ಸರದಲ್ಲಿ ಈಸ್ಟರೇ ಇಲ್ಲ! ಟೀಚರಮ್ಮನವರು ಎರಡು ಸಲ ಎಣಿಸಿ ನೋಡಿ, ಅಷ್ಟು ವರ್ಷ ಪಾಠ ಹೇಳಿಯೂ ಇದು ತಮಗೆ ತಿಳಿದಿರಲಿಲ್ಲವೆಂದು ನಕ್ಕರು. ಅತ್ತೆಯವರು ಮಾತ್ರ ಕ್ರೋಧಿಯ ಪುಸ್ತಕವನ್ನು ಮುಚ್ಚಿ, ಅಂಚನ್ನು ಬೆರಳಿನಿಂದ ಸವರುತ್ತ, ‘ಆ ವರ್ಷದಲ್ಲಿ ಏನೂ ಇರಲಿಲ್ಲ ಬಿಡಿ’ ಎಂದರು. ಮನೆಯನ್ನು ಮಾರಿದ್ದು ಕ್ರೋಧಿಯಲ್ಲಿ. ಟೀಚರಮ್ಮನವರಿಗೆ ಅದು ತಿಳಿಯದು. ಆದರೂ ಅವರು ಅತ್ತೆಯವರ ಕೈಯ ಮೇಲೆ ತಮ್ಮ ಕೈಯಿಟ್ಟರು.

ಒಂದು ರಾತ್ರಿ ಕರೆಂಟು ಹೋದಾಗ ಬಡಾವಣೆಯ ಹೆಸರಿನವರಿಗೂ ನ್ಯಾಯ ಸಲ್ಲಿಸಿದೆವು. ಸರ್ ಸಿ.ವಿ. ರಾಮನ್ನರು 1928ರಲ್ಲಿ ತಮ್ಮ ಹೆಸರಿನ ಪರಿಣಾಮವನ್ನು ಕಂಡು, 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದು, 1933ರಲ್ಲಿ ಬೆಂಗಳೂರಿಗೆ ಬಂದು ಇಲ್ಲಿಯೇ ನೆಲಸಿದವರು. 1921ರಲ್ಲಿ ಹಡಗಿನಲ್ಲಿ ಬರುವಾಗ, ಸಮುದ್ರದ ನೀಲಿಯು ಆಕಾಶದ ಪ್ರತಿಬಿಂಬ ಮಾತ್ರವಲ್ಲ, ನೀರೇ ಬೆಳಕನ್ನು ಚೆದರಿಸುವುದೆಂದು ಅವರಿಗೆ ಹೊಳೆದ ಸಂಗತಿಯನ್ನು ಮಕ್ಕಳಿಗೆ ಹೇಳಿ, ಗಾಜಿನ ಪಾತ್ರೆಯ ನೀರಿಗೆ ಕೆಲವು ಹನಿ ಹಾಲು ಹಾಕಿ, ಒಂದು ಬದಿಯಿಂದ ಟಾರ್ಚ್ ಬಿಟ್ಟೆವು. ಪಕ್ಕದಿಂದ ನೋಡಿದರೆ ನಸುನೀಲಿ. ಟಾರ್ಚಿಗೆ ಎದುರಾಗಿ ನೋಡಿದರೆ ಮುಳುಗುವ ಸೂರ್ಯನ ಕೆಂಪು. ರಾಮನ್ನರು ಮೃದಂಗ ತಬಲಗಳ ನಾದವನ್ನೂ ಶೋಧಿಸಿದವರೆಂದು ಹೇಳಿದ ಮೇಲೆ, ಪಿಂಗಾಣಿ ಬಟ್ಟಲುಗಳಲ್ಲಿ ನೀರು ತುಂಬಿ ಬಾರಿಸುವ ಕಾರ್ಯಕ್ರಮವೂ ನಡೆಯಿತು. ನೀರು ಹೆಚ್ಚಿದಷ್ಟೂ ಸ್ವರ ತಗ್ಗುವುದು. ‘ಪಂಚಮ ಮೇಲಾಯ್ತು, ಇನ್ನೊಂದು ಚಮಚ ಹುಯ್ಯಿ’ ಎಂದು ಕತ್ತಲೆಯಿಂದ ಅತ್ತೆಯವರ ಧ್ವನಿ ಬಂದಿತು. ಅವರಿಗೆ ಸ್ವರಜ್ಞಾನವಿದೆಯೆಂಬುದು ಮದುವೆಯಾಗಿ ಹದಿನೈದು ವರ್ಷಗಳ ಮೇಲೆ ನಮಗೆ ತಿಳಿದ ವಿಷಯ.

ಗುಡ್ ಫ್ರೈಡೇ ದಿವಸ ಮೇಲಿನ ಮನೆಯಲ್ಲಿ ಉಪವಾಸ, ಪ್ರಾರ್ಥನೆ. ನಾವು ಮಕ್ಕಳ ಪೀಪಿಗಳನ್ನು ಎತ್ತಿಟ್ಟೆವು. ಶನಿವಾರ ಸಂಜೆ ನಮ್ಮ ಯಜಮಾನರನ್ನು ಆಟಕ್ಕೆ ಕೂರಿಸಿದೆವು. ಹುಡುಗನಾಗಿದ್ದಾಗ ಆ ಜಗಲಿಯ ವೀರನೆಂದು ಹೆಸರಾದವರು ಕವಡೆ ಮುಟ್ಟಿ ಮೂವತ್ತು ವರ್ಷಗಳಾಗಿದ್ದುವು. ಎರಡು ಸುತ್ತು ಹುರುಪಿನಿಂದ ಆಡಿದರು. ತಾಯಿ ಅವರ ಕಾಯನ್ನು ಕಡಿದಾಗ, ಕೈಯಲ್ಲಿದ್ದ ಕವಡೆಗಳನ್ನು ಹಾಕದೆ ಹಾಗೆಯೇ ಹಿಡಿದುಕೊಂಡು, ‘ಆ ಕಲ್ಲನ್ನಾದರೂ ತರಬೇಕಾಗಿತ್ತಮ್ಮ’ ಎಂದರು.

ಯಾರೂ ಮಾತನಾಡಲಿಲ್ಲ. ನಾವು ಹಾಳೆಯ ಮೇಲಿನ ಗೆರೆಗಳನ್ನು ನೋಡುತ್ತಿದ್ದೆವು, ತಲೆಯೆತ್ತುವ ಧೈರ್ಯವಿರಲಿಲ್ಲ.

‘ಆ ಚಪ್ಪಡೀನ ಮೂರನೇ ಅಂತಸ್ತಿಗೆ ಯಾರು ಹೊರ್ತಿದ್ರು, ನಿಮ್ಮಪ್ಪನೇ ಬರಬೇಕಾಗಿತ್ತು’ ಎಂದು ಅತ್ತೆಯವರು ಹೇಳಿದರು. ‘ನಿನ್ನ ಸರದಿ. ಕವಡೆ ಹಾಕು.’

ಅವರು ಹಾಕಿದರು. ಬಾರ ಬಿದ್ದಿತು. ಮಕ್ಕಳು ಕೂಗಿದ ಕೂಗಿಗೆ ಟೀಚರಮ್ಮನವರು ಮೇಲಿನಿಂದ ಇಣುಕಿ ನೋಡಿದರು.

ಈಸ್ಟರ್ ಭಾನುವಾರ ಮಧ್ಯಾಹ್ನ ಆ ದಂಪತಿಗಳು ನಮ್ಮಲ್ಲಿಯೇ ಊಟ ಮಾಡಿದರು. ಸಂಜೆ ನಾವು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಎತ್ತಿಡುತ್ತಿದ್ದಾಗ, ಅತ್ತೆಯವರು ತುಮಕೂರಿನಲ್ಲಿರುವ ತಮ್ಮ ಮಗಳೊಡನೆ ಫೋನಿನಲ್ಲಿ ಮಾತನಾಡುತ್ತಿರುವುದು ಕೇಳಿಸಿತು. ‘ಮಕ್ಕಳನ್ನ ಮನೇಲಿ ಕೂರಿಸಿಕೊಂಡು ಏನು ಮಾಡ್ತೀಯೆ? ರಜ ಮುಗಿಯೋವರೆಗೂ ನಮ್ಮನೆಗೆ ಕಳಿಸು’ ಎಂದರು. ಆಮೇಲೆ ನಮ್ಮನ್ನು ಕೂಗಿ, ‘ಏನಮ್ಮಾ, ಕಳಿಸು ಅಂದಿದೀನಿ. ಹಾಸಿಗೆ ಸಾಕಾಗುತ್ತೆ ತಾನೆ?’ ಎಂದು ಕೇಳಿದರು.

ಸಾಕಾಗುವುದೆಂದೆವು. ಮಂಗಳವಾರ ಆ ಇಬ್ಬರು ಹುಡುಗರೂ ಬಂದಿಳಿದರು. ಏಪ್ರಿಲ್ ತಿಂಗಳ ಹಾಳೆಯನ್ನೂ ಕಿತ್ತು ಇನ್ನೊಂದು ಮನೆ ಬರೆಯಬೇಕಾಯಿತು. ಅಂದು ಅಡುಗೆ ಆಗುವಾಗ ಎರಡು ಗಂಟೆ ಹೊಡೆದಿದ್ದಿತು.